ಕ್ಯಾತ್ಸಂದ್ರ ದಾಟುವಾಗ

ನಿನ್ನೆ ತುಮಕೂರಿನ ಬಸ್‌ನಲ್ಲಿ ಎಂ.ಎ.ಯಲ್ಲಿ ಪಾಠ ಮಾಡಿದ ಮೇಡಂ ಸಿಕ್ಕಿದರು. "ಈಗ ಪ್ರೊಫೆಸರ್ ಆಗಿರ್ತೀರಾ ಅಲ್ವಾ ಮೇಡಂ?" ಅಂದೆ.

"ಇನ್ನೂ ಅಸೋಸಿಯೇಟ್ ಪ್ರೊಫೆಸರೇ ಕಣಮ್ಮ. ಮಗು ಚಿಕ್ಕದು, ಅತ್ತೆಗೆ ಹುಷಾರಿಲ್ಲ. ರಿಸರ್ಚ್ ಪೇಪರ್ ಬರೆಯೋಕೆ ಟೈಮೇ ಸಿಗಲಿಲ್ಲ."

ಅವರ ಜೊತೆಗೇ ಕೆಲಸಕ್ಕೆ ಸೇರಿದ ಸರ್ ಪ್ರೊಫೆಸರ್ ಆಗಿ ಆರು ವರ್ಷವಾಯಿತಂತೆ. ಅವರ ಮನೆಯಲ್ಲೂ ಚಿಕ್ಕ ಮಕ್ಕಳಿದ್ದರು. ಅವರಿಗೆ ಹೇಗೆ ಟೈಮ್ ಸಿಕ್ಕಿತು? ರಾತ್ರಿಯಿಡೀ ಇದೇ ಯೋಚನೆ.

2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ 100 ಗಂಡು ಅಧ್ಯಾಪಕರಿಗೆ 77 ಹೆಣ್ಣು ಅಧ್ಯಾಪಕರಿದ್ದಾರೆ. ಮೇಲಿನ ಹುದ್ದೆಗೆ ಹೋದಂತೆ ಹೆಣ್ಣುಮಕ್ಕಳು ಇನ್ನೂ ಕಡಿಮೆ. ಬಡ್ತಿಗೆ ಲೆಕ್ಕ ಹಾಕುವಾಗ ಪೇಪರ್ ಎಣಿಸುತ್ತಾರೆ, ನಿದ್ದೆಗೆಟ್ಟ ರಾತ್ರಿಗಳನ್ನಲ್ಲ.

ಮೇಡಂ ಬಟವಾಡಿಯಲ್ಲಿ ಇಳಿದರು. ಇಳಿಯುವಾಗಲೂ ಕೇಳಿದ್ದು ಒಂದೇ: "ನಿನ್ನ ಪಿಎಚ್.ಡಿ. ಎಲ್ಲಿಗೆ ಬಂತು? ಮದುವೆ ಅಂತ ನಿಲ್ಲಿಸಬೇಡ."