ಗ್ವಾಲಿಯರ್ ಕೋಟೆಯ ಹೂದೋಟದ ಸೊನ್ನೆ

ಗ್ವಾಲಿಯರ್ ಕೋಟೆ ಹತ್ತಲು ಎರಡು ದಾರಿ. ಕಾರು, ಟ್ಯಾಕ್ಸಿ ಹೋಗುವುದು ಪಶ್ಚಿಮದ ಉರ್ವಾಹಿ ಬಾಗಿಲಿನಿಂದ. ಬಂಡೆಯಲ್ಲಿ ಕಡೆದ ಜಿನಮೂರ್ತಿಗಳು ಆ ಕಡೆ. ಕೋಟೆಯ ಚತುರ್ಭುಜ ದೇವಾಲಯದ ಹಳೆಯ ಶಾಸನದಲ್ಲಿ ಕೆತ್ತಿರುವ ಸೊನ್ನೆ ನೋಡಲು ಬಂದವರು ಈ ದಾರಿ ಹಿಡಿದರೆ ಕೆಲಸ ಕೆಟ್ಟಿತು. ಮಾನ್ ಮಂದಿರ, ತೇಲಿ ಕಾ ಮಂದಿರ ಎಲ್ಲ ಸುತ್ತಿ ಬಂದ ದಾರಿಯಲ್ಲೇ ಇಳಿದುಬಿಡುತ್ತಾರೆ, ಚತುರ್ಭುಜ ದೇವಾಲಯ ಕಣ್ಣಿಗೇ ಬೀಳುವುದಿಲ್ಲ. ಅದಿರುವುದು ಪೂರ್ವದ ಕಾಲುದಾರಿಯಲ್ಲಿ. ಗುಜರಿ ಮಹಲ್ ಬಳಿಯ ಕೆಳಬಾಗಿಲಿಂದ ಹೊರಟು, ಸಾಲು ಬಾಗಿಲುಗಳನ್ನು ದಾಟುತ್ತ ಏರಬೇಕು. ತುದಿಯ ಹಾಥಿ ಪೋಲ್ (ಪೋಲ್ ಎಂದರೆ ಬಾಗಿಲು) ಸಿಗುವ ಮೊದಲೇ, ಲಕ್ಷ್ಮಣ ಪೋಲ್ ಹತ್ತಿರ, ದಾರಿಯ ಪಕ್ಕದಲ್ಲೇ ದೇವಾಲಯ. ಏರು ಕಡಿದು, ಹೊತ್ತೇರುವ ಮುಂಚೆ ಹೊರಡುವುದು ಒಳ್ಳೆಯದು.

ದೊಡ್ಡದೇನನ್ನೋ ಹುಡುಕುತ್ತ ಹೋದರೆ ಇಲ್ಲೂ ಮುಂದೆ ನಡೆದುಬಿಡುವ ಸಂಭವವಿದೆ. ಗುಡಿ ಹನ್ನೆರಡಡಿ ಚೌಕ, ಅಷ್ಟೇ. ಕಟ್ಟಿದ್ದಲ್ಲ, ಬಂಡೆಯನ್ನೇ ಕೊರೆದು ಬಿಡಿಸಿದ್ದು. ಮಾಡಿಸಿದವನು ಕೋಟೆಯ ಕಾವಲಿನ ಅಧಿಕಾರಿ ಅಲ್ಲ. ತಂದೆ ವೈಲ್ಲಭಟ್ಟನ ನೆನಪಿಗೆ ದೇವರಿಗೆ ವೈಲ್ಲಭಟ್ಟಸ್ವಾಮಿ ಎಂದು ಹೆಸರಿಟ್ಟ. (‘ಅಲ್ಲ’ ಎಂಬುದು ಅವನ ಹೆಸರು, ನಕಾರವಲ್ಲ. ಸೊನ್ನೆಯ ಊರಿಗೆ ತಕ್ಕ ಹೆಸರು.)

ಎರಡನೆಯ ಎಡವಟ್ಟು ಆಗುವುದು ಬಾಗಿಲಲ್ಲಿ. ಬಾಗಿಲ ಮೇಲೊಂದು ಶಾಸನವಿದೆ. ಅದರ ಚಿತ್ರ ತೆಗೆದುಕೊಂಡು ‘ಸೊನ್ನೆ ಸಿಕ್ಕಿತು’ ಎಂದು ಹಿಂತಿರುಗುವವರುಂಟು. ಅದು ವಿಕ್ರಮ ಸಂವತ್ 932ರದು, ನಮಗೆ ಬೇಕಾದದ್ದಲ್ಲ. ಬೇಕಾದದ್ದು ಗುಡಿಯ ಒಳಗೋಡೆಯಲ್ಲಿದೆ: ಸಂವತ್ 933, ಅಂದರೆ ಕ್ರಿ.ಶ. 876. ಒಳಗೆ ಬೆಳಕು ಕಡಿಮೆ. ಫ್ಲ್ಯಾಶ್ ಎದುರಿನಿಂದ ಬಿದ್ದರೆ ಕಲ್ಲು ಬಿಳಿಚಿಕೊಂಡು ಅಕ್ಷರ ಮಾಯವಾಗುತ್ತವೆ. ಟಾರ್ಚನ್ನು ಗೋಡೆಗೆ ಒತ್ತಿದಂತೆ ಪಕ್ಕದಿಂದ ಹಿಡಿಯಬೇಕು. ಆಗ ಪ್ರತಿ ಗೀರಿನಲ್ಲೂ ನೆರಳು ತುಂಬಿ ಬರಹ ಎದ್ದುಬರುತ್ತದೆ. ಸೀಮೆಸುಣ್ಣ, ನೀರು, ಬೆರಳು ಯಾವುದೂ ಕಲ್ಲಿಗೆ ತಾಗಕೂಡದು.

ಮೊದಲು ಮೇಲಿನ ಸಾಲಲ್ಲಿ 933 ಹಿಡಿಯಿರಿ. ಅದರಲ್ಲಿ ಸೊನ್ನೆಯಿಲ್ಲ, ಆದರೆ ಅಂಕಿಗಳ ರೂಪಕ್ಕೆ ಕಣ್ಣು ಪಳಗುತ್ತದೆ. ಅಲ್ಲಿಂದ ಕೆಲವು ಸಾಲು ಕೆಳಗೆ 270. ನಾಗರಿ ಅಂಕಿ ಗೊತ್ತಿದ್ದವರಿಗೆ 2 ಮತ್ತು 7 ಗುರುತು ಸಿಗುತ್ತವೆ. ಪಕ್ಕದಲ್ಲಿ ಪುಟ್ಟ ಉಂಗುರ, ಉಳಿದ ಅಂಕಿಗಳಿಗಿಂತ ಚಿಕ್ಕದು. ದುಂಡಗಿರುವುದೆಲ್ಲ ಸೊನ್ನೆಯಲ್ಲ. ಆ ಲಿಪಿಯಲ್ಲಿ ಠಕಾರವೂ ದುಂಡಗೇ ಇದೆ. ಹಿಂದೆ ಅಂಕಿ ಇದೆಯೇ ನೋಡಿಕೊಂಡರೆ ಮೋಸಹೋಗುವುದಿಲ್ಲ.

ಏನು 270? ಹೂದೋಟದ ಉದ್ದ. ಅಲ್ಲ ಮಾಡಿಸಿದ ದೇವಾಲಯಗಳ ಹೂವಿನ ಖರ್ಚಿಗೆಂದು ಊರಿನವರು ಕೊಟ್ಟ ನೆಲ, 270 ಹಸ್ತ ಉದ್ದ, 187 ಹಸ್ತ ಅಗಲ. ಹಸ್ತವೆಂದರೆ ಮೊಳ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ 405 ಅಡಿಗೆ ಇನ್ನೂರೆಂಬತ್ತೂವರೆ ಅಡಿ, ಹೆಚ್ಚುಕಡಿಮೆ ಎರಡು ಎಕರೆ ಇಪ್ಪತ್ನಾಲ್ಕು ಗುಂಟೆ. ಗಣಿತಜ್ಞನ ಸೂತ್ರವಲ್ಲ, ಜಮೀನಿನ ಪತ್ರ! ಈ ಗೋಡೆಯ ಬೆಲೆ ಇರುವುದೇ ಅಲ್ಲಿ. ಹಳೆಯ ಬ್ರಾಹ್ಮಿ ಅಂಕಿಗಳಲ್ಲಿ ಇನ್ನೂರಕ್ಕೊಂದು, ಎಪ್ಪತ್ತಕ್ಕೊಂದು ಬೇರೆಬೇರೆ ಚಿಹ್ನೆ; ಎರಡನ್ನು ಪಕ್ಕಪಕ್ಕ ಇಟ್ಟರೆ 270 ಮುಗಿಯಿತು, ಸೊನ್ನೆಗೆ ಅಲ್ಲಿ ಕೆಲಸವೇ ಇಲ್ಲ. ಬಿಡಿ, ಹತ್ತು, ನೂರು ಎಂದು ಅಂಕಿಯ ಬೆಲೆ ಸ್ಥಾನದಿಂದ ತೀರ್ಮಾನವಾಗತೊಡಗಿದ ಮೇಲೆ, ಬಿಡಿಸ್ಥಾನ ಬರಿದಾದರೆ 270 ಹೋಗಿ 27 ಆಗುತ್ತದೆ. ಎರಡೂವರೆ ಎಕರೆ ತೋಟ ಕಾಲೆಕರೆಗೆ ಇಳಿಯುತ್ತದೆ. ಕಲ್ಲುಕುಟಿಗ ಆ ಉಂಗುರವನ್ನು ಯಾವ ವಿವರಣೆಯೂ ಇಲ್ಲದೆ ಕೆತ್ತಿದ್ದಾನೆ. ಓದುವವರಿಗೆ ಅದಾಗಲೇ ಪರಿಚಿತ ಎಂದಾಯಿತು.

‘ಜಗತ್ತಿನ ಮೊದಲ ಸೊನ್ನೆ’ ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ಕಾಂಬೋಡಿಯದಲ್ಲಿ ಮೆಕಾಂಗ್ ನದಿಯ ಸಂಬೋರ್‌ನಲ್ಲಿ ಸಿಕ್ಕ ಕಲ್ಲಿನಲ್ಲಿ ಶಕವರ್ಷ 605, ಅಂದರೆ ಕ್ರಿ.ಶ. 683, ಅಲ್ಲಿನ ಸೊನ್ನೆ ಉಂಗುರವಲ್ಲ, ಚುಕ್ಕಿ. ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಬರೆದಿದ್ದ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದು ಎಡವಿದ್ದೂ ಅವನೇ. ಅಂದಹಾಗೆ, ಈ ಶಾಸನ ಕೆತ್ತುವಾಗ ಗ್ವಾಲಿಯರ್ ಪ್ರತೀಹಾರ ವಂಶದ ದೊರೆ ಭೋಜನ ಕೈಯಲ್ಲಿತ್ತು. ದಕ್ಷಿಣದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಆ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇನ್ನೊಂದು ಬಗೆಯಲ್ಲಿ ಎಡವಿದ: ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಇದ್ದಂತೆಯೇ ಇರುತ್ತದೆ ಎಂದ. ಸೊನ್ನೆ ಬರೆಯುವುದು ಕಲ್ಲುಕುಟಿಗನಿಗೂ ಕರಗತವಾಗಿದ್ದ ಕಾಲದಲ್ಲಿ ಅದರಿಂದ ಭಾಗಿಸುವುದು ಪಂಡಿತರಿಗೇ ಕಗ್ಗಂಟು.

ಹೊರಡುವ ಮುಂಚೆ ಶಾಸನದ ಕೊನೆಯ ಭಾಗಕ್ಕೂ ಟಾರ್ಚ್ ಹಿಡಿಯಿರಿ. ಅಲ್ಲಿ 50 ಇದೆ. 270ರ ಮುಂದೆ ಬೀಗಿ ನಿಂತವರು ಸಾಮಾನ್ಯವಾಗಿ ಇದನ್ನು ಬಿಟ್ಟೇ ಹೋಗುತ್ತಾರೆ. ಮಾಲೆಗಾರರು ಆಯಾ ಋತುವಿನಲ್ಲಿ ಸಿಗುವ ಹೂಗಳಿಂದ ದಿನಕ್ಕೆ ಕೊಡಬೇಕಾದ ಹಾರಗಳ ಲೆಕ್ಕ ಅದು.