ಮಣ್ಣಲ್ಲಿ ಹೂತ ಚಿನ್ನದ ರೇಕು: ಮೊದಲ ಕಂತಿನ ಸ್ಲೈಡ್‌ಗಳು ಹೊರಬಂದವು

ಚಿನ್ನದ ಮೇಲೆ ಬ್ಯಾಕ್ಟೀರಿಯಾ ಕೂರುತ್ತವೆಯೇ ಎಂದು ನೋಡಲು, ಚಿನ್ನದ ರೇಕು (ತೆಳು ಹಾಳೆ) ಕೂರಿಸಿ ಮಣ್ಣಲ್ಲಿ ಹೂತಿಟ್ಟಿದ್ದ ಗಾಜಿನ ಸ್ಲೈಡ್‌ಗಳಲ್ಲಿ ಮೊದಲ ಕಂತನ್ನು ಈ ವಾರ ಹೊರಗೆ ತೆಗೆದೆ. ರೇಕಿನ ಮೇಲೆ ಬ್ಯಾಕ್ಟೀರಿಯಾ ಕೂತಿವೆ, ಅದು ಖಚಿತ. ಯಾವ ಬ್ಯಾಕ್ಟೀರಿಯಾ ಅಂತ ನನ್ನ ಮೈಕ್ರೋಸ್ಕೋಪ್ ಹೇಳುವುದಿಲ್ಲ. ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಆಗಬೇಕು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಾನಿರುವುದು ಮೆಲ್ಬರ್ನ್‌ನಲ್ಲಿ. ವಿಕ್ಟೋರಿಯಾ ರಾಜ್ಯದಲ್ಲಿ 'ಮೈನರ್ಸ್ ರೈಟ್' ಎಂಬ ಪರವಾನಗಿ ಮಾಡಿಸಿಕೊಂಡರೆ, ಅನುಮತಿಯಿರುವ ಜಾಗಗಳಲ್ಲಿ ಕೈಸಲಕರಣೆ ಹಿಡಿದು ಯಾರು ಬೇಕಾದರೂ ಚಿನ್ನ ಹುಡುಕಬಹುದು. ಕ್ಯಾಸಲ್‌ಮೇನ್ ಕಡೆಯ ತೊರೆಗಳಲ್ಲಿ ನಾನು ಪ್ಯಾನ್ (ಮರಳು ತೊಳೆಯುವ ತಟ್ಟೆ) ಆಡಿಸುತ್ತೇನೆ. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ತೆಗೆಯುತ್ತಿದ್ದಂಥದ್ದೇ ಚಿನ್ನ: ಕರಿಮರಳಿನ ಅಂಚಿನಲ್ಲಿ ಉಳಿಯುವ ಒಂದೆರಡು ಚುಕ್ಕೆ. ಪೆಟ್ರೋಲಿನ ಖರ್ಚಂತೂ ಹುಟ್ಟುವುದಿಲ್ಲ.

ಆ ಚುಕ್ಕೆಗಳ ಮೈಮೇಲೆ ಏನಿದೆ ಎಂಬ ಕುತೂಹಲ ಹುಟ್ಟಿದ್ದು ಫ್ರಾಂಕ್ ರೀತ್ ಮತ್ತು ಸಂಗಡಿಗರು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸದಿಂದ. ನ್ಯೂ ಸೌತ್ ವೇಲ್ಸ್‌ನ ಟೊಮಾಕಿನ್ ಪಾರ್ಕ್, ಕ್ವೀನ್ಸ್‌ಲ್ಯಾಂಡ್‌ನ 'ಹಿಟ್ ಆರ್ ಮಿಸ್' ಗಣಿ, ಈ ಎರಡು ಕಡೆಯ ಚಿನ್ನದ ಕಣಗಳನ್ನು ಅವರು ಪರೀಕ್ಷಿಸಿದರು. ಡಿಎನ್‌ಎ ಸಿಕ್ಕ ಕಣಗಳಲ್ಲೆಲ್ಲ ಒಂದೇ ಬ್ಯಾಕ್ಟೀರಿಯಾದ ಗುರುತಿತ್ತು. ಸುತ್ತಲಿನ ಮಣ್ಣಲ್ಲಿ ಅದು ಪತ್ತೆಯಾಗಲಿಲ್ಲ. ಈಗ ಅದನ್ನು ಕ್ಯುಪ್ರಿಯಾವಿಡಸ್ ಮೆಟಾಲಿಡ್ಯುರಾನ್ಸ್ ಅನ್ನುತ್ತಾರೆ. ಇದರ ಹೆಸರಾಂತ ತಳಿ 1976ರಲ್ಲಿ ಸಿಕ್ಕಿದ್ದು ಬೆಲ್ಜಿಯಂನ ಸತುವಿನ ಕಾರ್ಖಾನೆಯೊಂದರ ತೊಟ್ಟಿಯಲ್ಲಿ!

'ಚಿನ್ನ ಹೇಲುವ ಬ್ಯಾಕ್ಟೀರಿಯಾ' ಅಂತ ಶೀರ್ಷಿಕೆ ಕೊಡುವವರನ್ನು ಕಂಡರೆ ನನಗೆ ಉರಿಯುತ್ತದೆ. ಈ ಜೀವಿಗೆ ಚಿನ್ನ ಊಟವಲ್ಲ, ವಿಷ. ಗಟ್ಟಿ ಚಿನ್ನದಿಂದ ಯಾರಿಗೂ ತೊಂದರೆಯಿಲ್ಲ, ನೀರಲ್ಲಿ ಕರಗಿದ ಚಿನ್ನದ ಅಯಾನುಗಳದ್ದೇ (ವಿದ್ಯುದಂಶ ಹೊತ್ತ ಪರಮಾಣುಗಳದ್ದೇ) ಕಾಟ. ಕರಗಿಸುವುದರಲ್ಲೂ ಸೂಕ್ಷ್ಮಜೀವಿಗಳ ಕೈವಾಡವಿದೆ: ಕ್ರೋಮೋಬ್ಯಾಕ್ಟೀರಿಯಂ ವಯೋಲೇಸಿಯಂನಂಥವು ಸಯನೈಡ್ ಬಿಡುತ್ತವೆ, ಗಂಧಕ ತಿನ್ನುವ ಕೆಲವು ಥಯೋಸಲ್ಫೇಟ್ ಉಂಟುಮಾಡುತ್ತವೆ. ಎರಡೂ ಚಿನ್ನವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಹಾಗೆ ಬಂದ ಅಯಾನು ಮೈಯೊಳಗೆ ನುಗ್ಗಿದರೆ ಕೆಲಸ ಕೆಟ್ಟಂತೆ. ಅದಕ್ಕೇ ಮೆಟಾಲಿಡ್ಯುರಾನ್ಸ್ ಅದನ್ನು ಹೊರಪೊರೆಯ ಬಳಿಯೇ ತಡೆದು, ಲೋಹದ ನ್ಯಾನೋಕಣವಾಗಿಸಿ ಸುಮ್ಮನಾಗಿಸುತ್ತದೆ. ಡೆಲ್ಫ್ಟಿಯಾ ಅಸಿಡೋವೊರಾನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇನ್ನೂ ಜಾಣ. ಡೆಲ್ಫ್ಟಿಬ್ಯಾಕ್ಟಿನ್ ಎಂಬ ವಸ್ತುವನ್ನು ಆಚೆ ಬಿಟ್ಟು, ಚಿನ್ನವನ್ನು ಹೊಸಿಲು ದಾಟಲು ಬಿಡದೆ ಹೊರಗೇ ಗಟ್ಟಿಯಾಗಿಸುತ್ತದೆ. ಇದು 2013ರಲ್ಲಿ ಪ್ರಕಟವಾದ ಶೋಧ.

ಹಾಗಂತ ಚಿನ್ನದ ದೊಡ್ಡ ಗಟ್ಟಿಗಳನ್ನು ಬ್ಯಾಕ್ಟೀರಿಯಾ ಕಟ್ಟಿದವು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಭೂವಿಜ್ಞಾನಿಗಳಾದ ರಾಬ್ ಹಫ್, ಚಾರ್ಲ್ಸ್ ಬಟ್ ಮತ್ತು ಜೊತೆಗಾರರು ಆಸ್ಟ್ರೇಲಿಯಾದ ಗಟ್ಟಿಗಳನ್ನು ಕೊಯ್ದು ನೋಡಿ, ಒಳಗಿನ ಹರಳಿನ ರಚನೆ ಮತ್ತು ಬೆಳ್ಳಿಯ ಪ್ರಮಾಣದಿಂದ ಅವು ಭೂಮಿಯಾಳದ ಬಿಸಿಯಲ್ಲೇ ಹುಟ್ಟಿದವು ಎಂದು ತೋರಿಸಿದ್ದಾರೆ. ಸೂಕ್ಷ್ಮಜೀವಿಗಳ ಆಟವೆಲ್ಲ ಚರ್ಮದ್ದು: ಅಂಚಿನ ಬೆಳ್ಳಿ ಕರಗುವುದು, ಮೇಲೆ ಶುದ್ಧ ಚಿನ್ನದ ತೆಳು ಪದರ ಕೂರುವುದು. ಇಲ್ಲಿಯ ಚಿನ್ನದಲ್ಲಿ ಮೊದಲೇ ಬೆಳ್ಳಿ ಕಡಿಮೆ, ಆ ವ್ಯತ್ಯಾಸ ನನ್ನ ಕಣ್ಣಿಗೆ ಬೀಳುವಂಥದ್ದಲ್ಲ. ಮೇಲಾಗಿ ಕಣದ ಮೂಲಕ ಬೆಳಕು ಹಾಯುವುದಿಲ್ಲ. ಹಾಗಾಗಿ ರೇಕಿಗೆ ಬಂದೆ.

ಮೈಸೂರು ಶೈಲಿಯ ಚಿತ್ರಗಳಿಗೆ ಅಂಟಿಸುವಂಥ ಅಸಲಿ ಚಿನ್ನದ ರೇಕು ಎಷ್ಟು ತೆಳುವೆಂದರೆ, ದೀಪಕ್ಕೆ ಹಿಡಿದರೆ ಹಸಿರು ಬೆಳಕು ಸೋಸಿ ಬರುತ್ತದೆ. ನಕಲಿಯದು ಹಿತ್ತಾಳೆ, ಬೆಳಕೇ ಬಿಡುವುದಿಲ್ಲ. ಗಾಜಿನ ಸ್ಲೈಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ನೀರಿನ ಹನಿಯ ಮೇಲೆ ರೇಕು ತೇಲಿಸಿ, ಅರ್ಧ ಭಾಗಕ್ಕೆ ಮಾತ್ರ ಕೂರಿಸಿದೆ. ಗೋಂದು ಇಲ್ಲ, ನೀರು ಆರಿದಾಗ ತಾನೇ ಹಿಡಿದುಕೊಳ್ಳುತ್ತದೆ. ಫ್ಯಾನ್ ಬಂದ್ ಮಾಡಿ ಉಸಿರು ಬಿಗಿಹಿಡಿದು ಮಾಡುವ ಕೆಲಸ. ಸ್ಲೈಡನ್ನು ಮಣ್ಣಲ್ಲಿ ಹೂತು ಆಮೇಲೆ ಬಣ್ಣ ಹಾಕಿ ನೋಡುವುದು ಹಳೆಯ ರಾಸಿ–ಖೊಲೋಡ್ನಿ ವಿಧಾನ, ರೇಕು ಸೇರಿಸಿದ್ದಷ್ಟೇ ನಾನು. ಒಂದು ಡಬ್ಬಿಯಲ್ಲಿ ತೊರೆ ದಂಡೆಯ ಒದ್ದೆ ಮಣ್ಣು. ಇನ್ನೊಂದರಲ್ಲಿ ಹೋಲಿಕೆಗೆಂದು ಅದೇ ಮಣ್ಣು, ಕುಕ್ಕರ್‌ನಲ್ಲಿ ಬೇಯಿಸಿ, ಮಾರನೆಯ ದಿನ ಮತ್ತೆ ಬೇಯಿಸಿದ್ದು. ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಗಟ್ಟಿ ಬೀಜಕಗಳು ಒಂದೇ ಕುದಿಗೆ ಸಾಯುವ ಪೈಕಿಯಲ್ಲ. (ಆ ಕುಕ್ಕರ್ ಈಗ ಅಡುಗೆಮನೆಯಿಂದ ಕಾಯಂ ಗಡಿಪಾರು.)

ತೆಗೆದು, ಒಣಗಿಸಿ, ಜ್ವಾಲೆ ತಾಗಿಸಿ, ಸಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ, ಎಣ್ಣೆ ಹನಿಸಿ ನೋಡುವ ನೂರು ಪಟ್ಟಿನ ಲೆನ್ಸಿನಲ್ಲಿ ನೋಡಿದೆ. ಬರಿ ಗಾಜಿನ ಕಡೆ ಎಂದಿನಂತೆ ಗುಲಾಬಿ ಕಡ್ಡಿಗಳು, ಚುಕ್ಕೆಗಳು, ಶಿಲೀಂಧ್ರದ ಎಳೆಗಳು. ಗೆರೆ ದಾಟಿ ರೇಕಿನ ಕಡೆ ಸರಿದರೆ ಇಡೀ ನೋಟ ಕಡಲಹಸಿರಿಗೆ ತಿರುಗುತ್ತದೆ. ಗುಲಾಬಿಯಾಗಿದ್ದ ಕಡ್ಡಿಗಳು ಅಲ್ಲಿ ಕಪ್ಪು, ಕೆಂಪು ಬಣ್ಣ ಹಸಿರು ಬೆಳಕನ್ನು ನುಂಗುವುದರಿಂದ. ರೇಕು ಮಡಿಚಿದ ಸುಕ್ಕುಗಳ ಉದ್ದಕ್ಕೂ ಒತ್ತೊತ್ತಾಗಿ ಗುಂಪು ಕೂತಿವೆ, ಸಪಾಟಾದ ಕಡೆ ವಿರಳ. ಕುಕ್ಕರ್ ಮಣ್ಣಿನ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು, ಪೂರ್ತಿ ಖಾಲಿಯಲ್ಲ.

ಸುಕ್ಕಲ್ಲಿ ನೀರು ನಿಲ್ಲುತ್ತದೆ, ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು; ಚಿನ್ನಕ್ಕಾಗಿ ಬಂದವು ಅನ್ನಲು ಕಾರಣವಿಲ್ಲ. ಹೂಳುವ ಮುಂಚಿನ ಫೋಟೋಗಳೊಂದಿಗೆ ಹೋಲಿಸಿದರೆ ರೇಕಿನ ತೂತುಗಳು ಹೆಚ್ಚಿವೆ. ಆದರೆ ಅವು ಉದ್ದುದ್ದ, ಒಂದೇ ದಿಕ್ಕಿಗೆ. ಮರಳು ಗೀರಿದ್ದು ಅಂತಲೇ ನನ್ನ ಎಣಿಕೆ.

ಮುಂದಿನ ಕಂತಿಗೆ ತಾಮ್ರದ ರೇಕು ತರಿಸಿದ್ದೇನೆ. ಮೆಟಾಲಿಡ್ಯುರಾನ್ಸ್‌ನಲ್ಲಿ ಹೆಚ್ಚಾದ ತಾಮ್ರವನ್ನು ಹೊರದಬ್ಬುವ ಕ್ಯುಪ್‌ಎ ಎಂಬ ಪ್ರೋಟೀನ್ ಪಂಪ್ ಇದೆ. ಚಿನ್ನದ ಅಯಾನು ಅದನ್ನೇ ಕಟ್ಟಿಹಾಕುತ್ತದೆಂದು ಜರ್ಮನಿಯ ಹಾಲೆ ನಗರದ ಡೀಟ್ರಿಷ್ ನೀಸ್ ಅವರ ತಂಡ 2018ರಲ್ಲಿ ಬರೆದಿದೆ. ಎರಡು ಲೋಹ ಸೇರಿದರೆ ವಿಷ ಇನ್ನೂ ಜೋರಾಗುವುದು ಹೀಗೆ. ಅದನ್ನೆಲ್ಲ ಮನೆಯಲ್ಲಿ ಅಳೆಯಲಾಗದು. ಚಿನ್ನದ ಕ್ಲೋರೈಡ್, ಚಿನ್ನವನ್ನೇ ಕರಗಿಸುವ ರಾಜಾಮ್ಲ, ಇವುಗಳ ತಂಟೆಗೆ ನಾನು ಹೋಗುವುದೂ ಇಲ್ಲ. ತಾಮ್ರದ ರೇಕಿನ ಮೂಲಕ ಬೆಳಕು ಬರುವುದಿಲ್ಲವಾದ್ದರಿಂದ, ತಾಮ್ರದ ಪಟ್ಟಿ, ಬರಿ ಗಾಜು, ಚಿನ್ನದ ಪಟ್ಟಿ ಹೀಗೆ ಜೋಡಿಸಿ, ನಡುವಿನ ಗಾಜಿನಲ್ಲಿ ಯಾವ ಅಂಚಿಗೆ ಎಷ್ಟು ಹತ್ತಿರ ಬಂದು ಕೂರುತ್ತವೆ ಎಂದು ಎಣಿಸುವ ಯೋಚನೆಯಿದೆ.