ದಿನಕ್ಕೆ 190 ಕಿಲೋಮೀಟರ್ ಓಡಿಸೋರಿಗೆ ಹೈಬ್ರಿಡ್ ಕಾರು ಆಗಿಬರುತ್ತಾ?

ನನ್ನ ಕೆಲಸ ಲ್ಯಾಬ್ ಮೆಷಿನ್‌ಗಳ ರಿಪೇರಿ. ಎಲ್ಲೋ ಒಂದು ಕಡೆ ಮೆಷಿನ್ ನಿಂತುಹೋಯ್ತು ಅಂತ ಫೋನ್ ಬಂದ್ರೆ ಡಿಕ್ಕಿಗೆ ಟೂಲ್ ಬ್ಯಾಗ್ ಹಾಕ್ಕೊಂಡು ಹೊರಡಬೇಕು, ಅಲ್ಲಿ ಮುಗಿಯೋ ಹೊತ್ತಿಗೆ ಇನ್ನೊಂದು ಕಡೆಯಿಂದ ಕರೆ ಬಂದಿರುತ್ತೆ. ಹೀಗೆ ದಿನಕ್ಕೆ ಸುಮಾರು 190 ಕಿಲೋಮೀಟರ್, ವರ್ಷಕ್ಕೆ 47,000 ಹತ್ತಿರ. ಪೆಟ್ರೋಲ್ ಇಂಜಿನ್ ಜೊತೆಗೆ ಬ್ಯಾಟರಿ, ಕರೆಂಟ್ ಮೋಟರ್ ಎರಡೂ ಇರೋ ಹೈಬ್ರಿಡ್ ತಗೊಂಡು ನಾಲ್ಕು ವರ್ಷ ಆಯ್ತು, ಗಾಡಿ 1,88,000 ಓಡಿದೆ. ಅದಕ್ಕೇ ಇರಬೇಕು, ನಮ್ಮ ಫೀಲ್ಡ್‌ನಲ್ಲಿ ಯಾರಾದ್ರೂ ಹೊಸ ಕಾರು ನೋಡ್ತಿದ್ರೆ ನನ್ನ ಹತ್ರ ಬಂದು ಕೇಳೋದು ಒಂದೇ, ಇಷ್ಟೊಂದು ಓಡಿಸೋರು ಹೈಬ್ರಿಡ್ ತಗೋಬಹುದಾ, ಬ್ಯಾಟರಿ ನಡುದಾರೀಲಿ ಕೈಕೊಡಲ್ವಾ ಅಂತ.

ನಾನು ತಿರುಗಿ ಕೇಳೋದೂ ಒಂದೇ. ನಿಮ್ಮ ಸರಾಸರಿ ಸ್ಪೀಡ್ ಎಷ್ಟು?

ತುಂಬ ಜನಕ್ಕೆ ಇದು ಗೊತ್ತಿರಲ್ಲ. ಎಷ್ಟು ಕಿಲೋಮೀಟರ್ ಓಡಿಸ್ತೀವಿ ಅಂತ ಎಲ್ಲರೂ ಬಾಯಲ್ಲೇ ಹೇಳ್ತಾರೆ, ಆದ್ರೆ ಆ ಕಿಲೋಮೀಟರ್ ಎಂಥದ್ದು ಅಂತ ಯಾರೂ ನೋಡಿರಲ್ಲ. ಇವತ್ತಿನ ಹೆಚ್ಚಿನ ಕಾರುಗಳ ಟ್ರಿಪ್ ಮೀಟರ್‌ನಲ್ಲಿ ಆವರೇಜ್ ಸ್ಪೀಡ್ ಅಂತ ಒಂದು ಅಂಕಿ ಇರುತ್ತೆ, ನಾನು ಹಳೇ ಪೆಟ್ರೋಲ್ ಕಾರಲ್ಲಿ ಒಂದು ತಿಂಗಳು ಅದನ್ನ ರೀಸೆಟ್ ಮಾಡದೇ ಬಿಟ್ಟಿದ್ದೆ. ಗಂಟೆಗೆ 31 ಬಂತು. ದಿನಕ್ಕೆ 190 ಕಿಲೋಮೀಟರ್ ಅಂದ್ರೆ ಏನೋ ಹೈವೇಲಿ ಹಾರ್ಕೊಂಡು ಹೋಗ್ತೀನಿ ಅಂದ್ಕೊಂಡಿದ್ದೆ, ಲೆಕ್ಕ ಹಾಕಿದ್ರೆ ಆರು ಗಂಟೆ ಕಾರೊಳಗೇ ಕೂತಿರ್ತಿದ್ದೆ, ಅದ್ರಲ್ಲಿ ಎಷ್ಟೋ ಹೊತ್ತು ಸಿಗ್ನಲ್ಲು, ಜಾಮು, ಗೇಟ್ ಮುಂದೆ ಕಾಯೋದು. ಇಂಜಿನ್ ಮಾತ್ರ ಆರು ಗಂಟೆಯೂ ಉರೀತಾ ಇತ್ತು.

ಹೈಬ್ರಿಡ್ ಕಾರಿನ ಸಂಪಾದನೆ ಎಲ್ಲಾ ಇರೋದು ಈ ಜಾಗದಲ್ಲೇ. ನಿಂತಾಗ ಇಂಜಿನ್ ಆಫ್. ಮುಂದೆ ತೆವಳುವಾಗ ಮೋಟರ್ ಎಳ್ಕೊಂಡು ಹೋಗುತ್ತೆ. ಬ್ರೇಕ್ ಒತ್ತಿದ್ರೆ ಅದೇ ಮೋಟರ್ ಜನರೇಟರ್ ಆಗಿ, ಸುಮ್ಮನೆ ಬ್ರೇಕ್ ಬಿಸಿಯಾಗಿ ಹೋಗ್ತಿದ್ದ ಶಕ್ತೀಲಿ ಒಂದಷ್ಟನ್ನ ಬ್ಯಾಟರಿಗೆ ವಾಪಸ್ ತುಂಬುತ್ತೆ. ಮಾಮೂಲಿ ಕಾರು ಹೈವೇಲಿ ಚೆನ್ನಾಗಿ ಕೊಟ್ಟು ಊರೊಳಗೆ ಕುಡಿಯುತ್ತೆ, ಹೈಬ್ರಿಡ್ ಆ ಊರೊಳಗಿನ ನಷ್ಟವನ್ನೇ ಹಿಡಿದು ಉಳಿಸುತ್ತೆ. ಟ್ರಾಫಿಕ್ ಜಾಸ್ತಿ ಇದ್ದ ದಿನ ಸಂಜೆ ಸ್ಕ್ರೀನ್ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಇಂಜಿನ್ ಆಫ್ ಇರುತ್ತೆ.

ಇನ್ನೊಂದು ವಿಷಯ ಯಾವ ಬ್ರೋಷರ್ನಲ್ಲೂ ದೊಡ್ಡದಾಗಿ ಹಾಕಲ್ಲ, ಕಾಯೋದು. ಕೆಲಸಕ್ಕೆ ಓಡಿಸೋರು ಎಷ್ಟು ಓಡಿಸ್ತಾರೋ ಹೆಚ್ಚುಕಮ್ಮಿ ಅಷ್ಟೇ ಕಾಯ್ತಾರೆ. ಪಾರ್ಟ್ ಬರಬೇಕು, ಒಳಗಿಂದ ಪರ್ಮಿಷನ್ ಬರಬೇಕು, ಮಧ್ಯಾಹ್ನದ ಬಿಸಿಲು ಬೇರೆ. ಮೊದಲು ಎಸಿ ಬೇಕಂದ್ರೆ ಇಂಜಿನ್ ಆನ್ ಇಟ್ಕೊಂಡೇ ಕೂರಬೇಕಿತ್ತು, ಆಫ್ ಮಾಡಿದ್ರೆ ಬೆವರು. ನನ್ನದರ ಥರ ಸ್ವಲ್ಪ ದೂರ ಬರೀ ಮೋಟರಲ್ಲೇ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಎಸಿ ಕಂಪ್ರೆಸರ್ ಕರೆಂಟಲ್ಲಿ ಓಡುತ್ತೆ, ಇಂಜಿನ್ ಬೆಲ್ಟ್‌ಗೆ ಸಂಬಂಧ ಇಲ್ಲ. ಮೊದಲ ವಾರ ನಾನು ಒಂದು ಗೇಟ್ ಮುಂದೆ ಮುಕ್ಕಾಲು ಗಂಟೆ ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಕೊಂಡು ರಿಪೋರ್ಟ್ ಬರೀತಾ ಕೂತಿದ್ದೆ, ಎಸಿ ತಣ್ಣಗೆ ಬೀಸ್ತಿತ್ತು, ಸದ್ದೇ ಇಲ್ಲ, ಬ್ಯಾಟರಿ ಇಳಿದಾಗ ಇಂಜಿನ್ ತಾನಾಗೇ ಆನ್ ಆಗಿ ಕೆಲವು ನಿಮಿಷ ಓಡಿ ಮತ್ತೆ ಆಫ್ ಆಗ್ತಿತ್ತು. ನಿಜ ಹೇಳ್ತೀನಿ, ಮೈಲೇಜ್‌ಗಿಂತ ನನಗೆ ಇದೇ ದೊಡ್ಡ ಉಪಕಾರ ಅನ್ಸಿದ್ದು. ಸಂಜೆ ಮನೆಗೆ ಬಂದಾಗ ತಲೆ ಭಾರ ಇರ್ತಾ ಇರ್ಲಿಲ್ಲ.

ಈಗ ಇನ್ನೊಂದು ಕಡೆ ಹೇಳ್ತೀನಿ. ನನ್ನ ಸಹೋದ್ಯೋಗಿ ಒಬ್ರು ಇದ್ದಾರೆ, ಅವರದ್ದು ದೂರದ ಸೈಟ್‌ಗಳು, ಬೆಳಿಗ್ಗೆ ಹೈವೇ ಹತ್ತಿದ್ರೆ 200 ಕಿಲೋಮೀಟರ್ ಆದ್ಮೇಲೇ ಇಳಿಯೋದು. ಅವರ ಆವರೇಜ್ ಸ್ಪೀಡ್ 74. ಡೀಸೆಲ್ ಕಾರು. ಒಂದ್ಸಲ ಮಾತಿಗೆ ಮಾತು ಬೆಳೆದು ಒಂದು ವಾರ ಕಾರು ಅದಲುಬದಲು ಮಾಡ್ಕೊಂಡ್ವಿ, ಇಬ್ರೂ ಟ್ಯಾಂಕ್ ಫುಲ್ ಮಾಡಿಸಿ ಶುರು ಮಾಡಿ ವಾರದ ಕೊನೆಗೆ ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿದ್ವಿ. ನನ್ನ ದಾರೀಲಿ ಲೀಟರ್‌ಗೆ 22 ಕೊಡೋ ನನ್ನ ಹೈಬ್ರಿಡ್ ಅವರ ಕೈಲಿ, 115-120ರ ಸ್ಪೀಡಲ್ಲಿ, 18 ಕೊಡ್ತು. ಅವರಿಗೆ 20 ಕೊಡ್ತಿದ್ದ ಡೀಸೆಲ್ ನನ್ನ ಟ್ರಾಫಿಕ್‌ನಲ್ಲಿ 13ಕ್ಕೆ ಇಳೀತು, ಐದನೇ ದಿನ ಡಿಪಿಎಫ್, ಅಂದ್ರೆ ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಅದರ ದೀಪ ಬೇರೆ ಹತ್ಕೊಂಡ್ತು. ಆ ಫಿಲ್ಟರ್‌ನಲ್ಲಿ ಕೂತ ಮಸಿ ಸುಟ್ಟುಹೋಗಬೇಕಂದ್ರೆ ಎಕ್ಸಾಸ್ಟ್ ಚೆನ್ನಾಗಿ ಬಿಸಿಯಾಗಬೇಕು, ತೆವಳೋ ಟ್ರಾಫಿಕ್‌ನಲ್ಲಿ ಅದು ಎಲ್ಲಾಗುತ್ತೆ. ಇಬ್ರೂ ಮರುಮಾತಾಡದೆ ಕೀ ವಾಪಸ್ ತಗೊಂಡ್ವಿ.

ಹೈವೇಲಿ ಹೈಬ್ರಿಡ್ ಯಾಕೆ ಹಿಂದೆ ಬೀಳುತ್ತೆ ಅಂದ್ರೆ, ಅಲ್ಲಿ ಬ್ರೇಕೇ ಒತ್ತಲ್ಲ, ನಿಲ್ಲಲ್ಲ, ಹಾಗಾಗಿ ವಾಪಸ್ ತುಂಬೋಕೆ ಏನೂ ಇರಲ್ಲ, ಗಾಳಿ ತಳ್ಕೊಂಡು ಹೋಗೋ ಕೆಲಸ ಪೂರ್ತಿ ಇಂಜಿನ್ ಮೇಲೇ ಬೀಳುತ್ತೆ. ಗಾಳಿಯ ತಡೆ ಸ್ಪೀಡಿನ ವರ್ಗದಷ್ಟು ಏರುತ್ತೆ, 100ರಿಂದ 120ಕ್ಕೆ ಹೋದ್ರೆ ಸ್ಪೀಡ್ ಹೆಚ್ಚಿದ್ದು 20 ಪರ್ಸೆಂಟ್, ತಡೆ ಹೆಚ್ಚಿದ್ದು 44 ಪರ್ಸೆಂಟ್. ಹಾಗಂತ ಹೈವೇಲಿ ಹೈಬ್ರಿಡ್ ದಂಡ ಅಂತಲ್ಲ, ಎಷ್ಟೋ ಹೈಬ್ರಿಡ್‌ಗಳಲ್ಲಿ ಅಟ್ಕಿನ್ಸನ್ ಸೈಕಲ್ ರೀತಿಯ ಇಂಜಿನ್ ಇರುತ್ತೆ, ಅದು ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚಿ, ಕಮ್ಮಿ ಪಿಕಪ್ ಕೊಟ್ರೂ ಪೆಟ್ರೋಲ್‌ನಿಂದ ಜಾಸ್ತಿ ಕೆಲಸ ತೆಗೆಯುತ್ತೆ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಅಲ್ಲೂ ಒಂದು ಕೈ ಮೇಲೇ. ಆದ್ರೆ ಒಳ್ಳೇ ಡೀಸೆಲ್ ಮುಂದೆ ಬರೀ ಹೈವೇ ಓಡಿಸೋರಿಗೆ ಅಂಥ ಲಾಭ ಕಾಣಲ್ಲ.

ಲೆಕ್ಕ ಹಾಕೋವಾಗ ಜನ ಒಂದು ಕಡೆ ಎಡವ್ತಾರೆ. ಮೈಲೇಜ್ 10ರಿಂದ 15 ಆದ್ರೂ 20ರಿಂದ 30 ಆದ್ರೂ ಎರಡೂ ಒಂದೂವರೆ ಪಟ್ಟು, ಸಮ ಅಂದ್ಕೊಳ್ತಾರೆ. ಬರೀ ಅಂಕಿ ನೋಡಿದ್ರೆ ಎರಡನೇದೇ ದೊಡ್ಡದು ಅನ್ಸುತ್ತೆ. 30,000 ಕಿಲೋಮೀಟರ್‌ಗೆ ಹಾಕಿ ನೋಡಿ. ಮೊದಲನೇದ್ರಲ್ಲಿ 3,000 ಲೀಟರ್ ಹೋಗಿ 2,000 ಆಗುತ್ತೆ, ಸಾವಿರ ಲೀಟರ್ ಉಳೀತು. ಎರಡನೇದ್ರಲ್ಲಿ 1,500 ಹೋಗಿ 1,000, ಉಳಿದಿದ್ದು 500 ಅಷ್ಟೇ. ಅದಕ್ಕೇ ನಾನು ಮೈಲೇಜ್ ಹೇಳ್ಬೇಡಿ, ವರ್ಷಕ್ಕೆ ಎಷ್ಟು ಲೀಟರ್ ಹೇಳಿ ಅಂತೀನಿ. ನನ್ನ ಹಳೇ ಕಾರು 13 ಕೊಡ್ತಿತ್ತು, ವರ್ಷಕ್ಕೆ 3,600 ಲೀಟರ್ ಮೇಲೆ. ಈಗ 2,150ರ ಹತ್ತಿರ. ಹೆಚ್ಚುಕಮ್ಮಿ 1,450 ಲೀಟರ್ ವ್ಯತ್ಯಾಸ, ಒಂದು ಲೀಟರ್ ಪೆಟ್ರೋಲ್ ಉರಿದ್ರೆ 2.3 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿದ್ರೂ ಮೂರು ಟನ್ ಮೇಲೆ ಹೊಗೆ ಕಮ್ಮಿ ಬಿಟ್ಟಂಗಾಯ್ತು. ಇದು ನನಗೆ ಮುಖ್ಯ.

ಹೈಬ್ರಿಡ್ ಅಂತ ಸ್ಟಿಕ್ಕರ್ ಇದ್ದಿದ್ದೆಲ್ಲಾ ಒಂದೇ ಅಲ್ಲ, ಇದನ್ನ ದಯವಿಟ್ಟು ನೋಡ್ಕೊಳ್ಳಿ. ಮೈಲ್ಡ್ ಹೈಬ್ರಿಡ್ ಅಂತ ಬರೋದ್ರಲ್ಲಿ ಸಣ್ಣ ಮೋಟರ್ ಇಂಜಿನ್‌ಗೆ ಕೈಜೋಡಿಸುತ್ತೆ ಅಷ್ಟೇ, ಸಾಮಾನ್ಯವಾಗಿ ಕರೆಂಟಲ್ಲೇ ಗಾಡಿ ಓಡಲ್ಲ, ನಾನು ಹೇಳಿದ ಉಳಿತಾಯವನ್ನ ಅದರಿಂದ ನಿರೀಕ್ಷೆ ಮಾಡಬೇಡಿ. ಪ್ಲಗ್-ಇನ್ ಹೈಬ್ರಿಡ್ ದಿನಾ ರಾತ್ರಿ ಚಾರ್ಜ್‌ಗೆ ಹಾಕೋರಿಗೆ ಬಂಗಾರ, ಚಾರ್ಜ್ ಹಾಕದೇ ಓಡಿಸಿದ್ರೆ ದೊಡ್ಡ ಬ್ಯಾಟರಿಯ ಭಾರ ಸುಮ್ಮನೆ ಹೊತ್ಕೊಂಡು ತಿರುಗಿದಂಗೆ.

ಸರಿ, ಬ್ಯಾಟರಿ ಭಯ. ಇದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು, ಯಾಕಂದ್ರೆ ನಾನೂ ಒಂದ್ಸಲ ಹೆದರಿದ್ದೀನಿ. ಟೊಯೊಟಾ ಪ್ರಿಯಸ್ ಅನ್ನೋ ಹೈಬ್ರಿಡ್ ಕಾರು ಜಪಾನ್‌ನಲ್ಲಿ ಬಂದಿದ್ದು 1997ರಲ್ಲಿ, ಅಂದ್ರೆ ಇದು ಹೊಸ ಪ್ರಯೋಗ ಏನಲ್ಲ, ಎಷ್ಟೋ ಕಡೆ ಟ್ಯಾಕ್ಸಿಯಾಗಿ ವರ್ಷಗಟ್ಟಲೆ ದುಡಿದಿವೆ. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್‌ನೋರು 2011ರಲ್ಲಿ 2 ಲಕ್ಷ ಮೈಲಿ, ಅಂದ್ರೆ 3.2 ಲಕ್ಷ ಕಿಲೋಮೀಟರ್ ದಾಟಿದ್ದ 2002ರ ಪ್ರಿಯಸ್ ಒಂದನ್ನ ತಂದು ಟೆಸ್ಟ್ ಮಾಡಿದ್ರು, ಹೊಸದಿದ್ದಾಗ ಅದೇ ಮಾಡೆಲ್ ಕೊಟ್ಟ ಮೈಲೇಜ್‌ಗೂ ಇದಕ್ಕೂ ಹೇಳಿಕೊಳ್ಳೋ ವ್ಯತ್ಯಾಸವೇ ಇರ್ಲಿಲ್ಲ. ಕಾರಣ ಸರಳ, ಫೋನ್ ಬ್ಯಾಟರಿ ಥರ ಇದನ್ನ ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬೋಕೆ ಕಾರು ಬಿಡೋದೇ ಇಲ್ಲ, ಮಧ್ಯದಲ್ಲೇ ಮೇಲೆ ಕೆಳಗೆ ಆಡಿಸ್ತಿರುತ್ತೆ.

ಅದರ ಶತ್ರು ಬಿಸಿ. ನನಗೆ 1,20,000 ಹತ್ತಿರ ಒಂದು ಮಧ್ಯಾಹ್ನ ಡ್ಯಾಶ್‌ಬೋರ್ಡಲ್ಲಿ ಹೈಬ್ರಿಡ್ ಸಿಸ್ಟಮ್ ವಾರ್ನಿಂಗ್ ಬಂತು, ಹಿಂದಿನ ಸೀಟ್ ಕಡೆಯಿಂದ ಫ್ಯಾನ್ ಜೋರಾಗಿ ಕಿರುಚ್ತಿತ್ತು. ಒಂದು ಸರ್ವೀಸ್ ಸೆಂಟರ್‌ಗೆ ಒಯ್ದೆ, ಸ್ಕ್ಯಾನರ್ ಹಾಕಿ ಹತ್ತೇ ನಿಮಿಷದಲ್ಲಿ ಬ್ಯಾಟರಿ ಪ್ಯಾಕ್ ಪೂರ್ತಿ ಬದಲಾಯಿಸ್ಬೇಕು ಅಂದ್ರು. ಆ ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಹೈಬ್ರಿಡ್ ಕೆಲಸ ಗೊತ್ತಿರೋ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಹೋದೆ. ಅವರು ಸ್ಕ್ಯಾನರ್ ಮುಟ್ಟೋಕೂ ಮುಂಚೆ ಹಿಂದಿನ ಬಾಗಿಲು ತೆಗೆದು ಸೀಟ್ ಪಕ್ಕದ ಸಣ್ಣ ಜಾಲರಿ ನೋಡಿದ್ರು. "ಸರ್, ಬ್ಯಾಗ್ ಯಾವಾಗ್ಲೂ ಇಲ್ಲೇ ಇಡ್ತೀರಾ?" ಹೌದು ಅಂದೆ. ಕವರ್ ಬಿಚ್ಚಿ ಒಳಗಿದ್ದ ಫಿಲ್ಟರ್ ಎಳೆದು ತೋರಿಸಿದ್ರು, ಬೂದು ಬಣ್ಣದ ಕಂಬಳಿ ತುಂಡಿನ ಥರ ಧೂಳು ಗಟ್ಟಿಯಾಗಿ ಕೂತಿತ್ತು, ಬೆಳಕಿಗೆ ಹಿಡಿದ್ರೆ ಒಂದು ತೂತೂ ಕಾಣ್ತಿರ್ಲಿಲ್ಲ. ಬ್ಯಾಟರಿ ಉಸಿರಾಡೋ ಮೂಗು ಸರ್ ಇದು, ಮುಚ್ಚಿಬಿಟ್ಟಿದ್ದೀರಿ ಅಂದ್ರು. ಫಿಲ್ಟರ್ ತೊಳೆದು, ಫ್ಯಾನ್ ಬಿಚ್ಚಿ ರೆಕ್ಕೆಗೆ ಅಂಟಿದ್ದ ಧೂಳು ಬ್ರಷ್‌ನಲ್ಲಿ ತೆಗೆದು, ಪ್ಯಾಕ್‌ನ ಒಂದೊಂದು ಬ್ಲಾಕ್‌ನ ವೋಲ್ಟೇಜ್ ನೋಡಿ ಎಲ್ಲಾ ಸಮ ಇದೆ ಅಂದ್ರು. ಅಲ್ಲಿಂದ 68,000 ಕಿಲೋಮೀಟರ್ ಆಯ್ತು, ಅದೇ ಬ್ಯಾಟರಿ. ಗಾಳಿಯಿಂದ ತಣ್ಣಗಾಗೋ ಬ್ಯಾಟರಿ ಇರೋ ಹೈಬ್ರಿಡ್ ನಿಮ್ಮದಾದ್ರೆ ಇವತ್ತೇ ಹೋಗಿ ಆ ಜಾಲರಿ ಎಲ್ಲಿದೆ ಹುಡುಕಿ, ಅದರ ಮುಂದೆ ಸಾಮಾನು ಇಡಬೇಡಿ.

ಸವೆಯೋ ಸಾಮಾನು ಕಮ್ಮಿ ಇರೋದು ಜಾಸ್ತಿ ಓಡಿಸೋರಿಗೆ ತುಂಬ ದೊಡ್ಡ ವಿಷಯ. ಪ್ರಿಯಸ್ ಥರದ ವ್ಯವಸ್ಥೇಲಿ ಕ್ಲಚ್ ಪ್ಲೇಟ್ ಇಲ್ಲ, ಬೇರೆ ಸೆಲ್ಫ್ ಮೋಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಒಂದು ಪ್ಲಾನೆಟರಿ ಗೇರ್ ಸೆಟ್ಟು (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗೋದು), ಎರಡು ಮೋಟರ್-ಜನರೇಟರು, ಅವೇ ಎಲ್ಲಾ ಕೆಲಸ ಹಂಚ್ಕೊಳ್ತವೆ. ಹಳೇ ಕಾರಲ್ಲಿ ನಾನು 90,000ಕ್ಕೆ ಕ್ಲಚ್ ಹಾಕ್ಸಿದ್ದೆ, ಬ್ರೇಕ್ ಪ್ಯಾಡ್ ಅಂತೂ ಲೆಕ್ಕ ಇಲ್ಲ. ಇದ್ರಲ್ಲಿ ಮುಂದಿನ ಪ್ಯಾಡ್ ಮೊದಲ ಸಲ ಬದಲಾಗಿದ್ದು 1,40,000 ದಾಟಿದ್ಮೇಲೆ. ಆದ್ರೆ ಇಂಜಿನ್ ಆಯಿಲ್, ಬ್ರೇಕ್ ಆಯಿಲ್, ಬ್ಯಾಟರಿ ಕರೆಂಟನ್ನ ಮೋಟರಿಗೆ ಹೊಂದಿಸಿ ಕೊಡೋ ಇನ್ವರ್ಟರ್‌ನ ಕೂಲಂಟ್ ಇವನ್ನ ಟೈಮ್‌ಗೆ ಸರಿಯಾಗಿ ನೋಡ್ಲೇಬೇಕು, ಹೈಬ್ರಿಡ್ ಅಂತ ಇಂಜಿನ್‌ಗೆ ರಜೆ ಇಲ್ಲ.

ಕಿರಿಕಿರಿಗಳೂ ಇವೆ. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತೆ, ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಕೊಟ್ಟಿರ್ತಾರೆ, ದಿನಾ ರಸ್ತೇಲಿರೋರಿಗೆ ಅದು ಸಾಕಾಗಲ್ಲ. ಉದ್ದದ ಇಳಿಜಾರಲ್ಲಿ ಬ್ಯಾಟರಿ ತುಂಬಿಬಿಡುತ್ತೆ, ಆಮೇಲೆ ವಾಪಸ್ ತುಂಬೋಕೆ ಜಾಗ ಇಲ್ಲದೆ ಇಂಜಿನ್ ಸುಮ್ಮನೆ ಜೋರಾಗಿ ತಿರುಗುತ್ತೆ, ಮೊದಲ ಸಲ ಕೇಳಿದಾಗ ಏನೋ ಕೆಟ್ಟೋಯ್ತು ಅಂದ್ಕೊಂಡೆ, ಅದು ಇಂಜಿನ್ ಬ್ರೇಕಿಂಗ್ ಅಷ್ಟೇ. ಎರಡು ಮೂರು ಕಿಲೋಮೀಟರ್‌ನ ಚೂರು ಚೂರು ಓಡಾಟದಲ್ಲಿ, ಅದ್ರಲ್ಲೂ ಚಳೀಲಿ, ಇಂಜಿನ್ ಬಿಸಿ ಆಗೋಕೇ ಉರಿಯುತ್ತೆ, ಮೈಲೇಜ್ ಬೀಳುತ್ತೆ. ಮತ್ತೆ ಕಾರಿನ ಕಂಪ್ಯೂಟರ್‌ಗಳನ್ನ ಎಬ್ಬಿಸೋ ಸಣ್ಣ 12 ವೋಲ್ಟ್ ಬ್ಯಾಟರಿ ಒಂದು ಬೇರೆ ಇರುತ್ತೆ, ಅದು ಸತ್ರೆ ದೊಡ್ಡ ಬ್ಯಾಟರೀಲಿ ಎಷ್ಟೇ ಶಕ್ತಿ ಇದ್ರೂ ಕಾರು ರೆಡಿ ಆಗಲ್ಲ.

ಹೋದ ತಿಂಗಳು ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ಒಬ್ಳು ಇದೇ ಪ್ರಶ್ನೆ ಕೇಳಿದ್ಲು, ಆವರೇಜ್ ಸ್ಪೀಡ್ ರೀಸೆಟ್ ಮಾಡಿ ಒಂದು ತಿಂಗಳು ಬಿಡಮ್ಮ ಅಂದಿದ್ದೆ. ಮೊನ್ನೆ ಫೋಟೋ ಕಳಿಸಿದ್ಲು, 46. ನನ್ನ 31ಕ್ಕೂ ಆ ಸಹೋದ್ಯೋಗಿಯ 74ಕ್ಕೂ ಮಧ್ಯ. ಫೋನ್ ಮಾಡಿ ಕೇಳಿದೆ, ವಾರಕ್ಕೆ ಎರಡು ದಿನ ಹೈವೇ, ಮೂರು ದಿನ ಊರೊಳಗೆ, ಕಾಯೋದು ದಿನಕ್ಕೆ ಒಂದು ಗಂಟೆಯಾದ್ರೂ ಇದ್ದೇ ಇರುತ್ತೆ ಸರ್ ಅಂದ್ಲು. ಹೈವೇಲಿ ಎಷ್ಟರಲ್ಲಿ ಓಡಿಸ್ತೀಯ ಅಂದ್ರೆ 90, 95 ಅಂದ್ಲು. ಹಾಗಾದ್ರೆ ಹೈಬ್ರಿಡ್ ನೋಡು ಅಂದೆ, ಆದ್ರೆ ತಗೊಳ್ಳೋಕೆ ಮುಂಚೆ ಟೂಲ್ ಬ್ಯಾಗ್ ಜೊತೆಗೆ ಒಯ್ದು ಡಿಕ್ಕೀಲಿ ಇಟ್ಟು ನೋಡು, ಹಿಂದಿನ ಸೀಟ್ ಹತ್ರ ಆ ಜಾಲರಿ ಎಲ್ಲಿದೆ ಅಂತ ಅಲ್ಲೇ ಕೇಳ್ಕೋ. ಶನಿವಾರ ಟೆಸ್ಟ್ ಡ್ರೈವ್‌ಗೆ ಹೋಗ್ತಿದ್ದಾಳೆ, ನಾನೂ ಜೊತೆಗೆ ಹೋಗ್ತೀನಿ.